ಎರಡು ಬಡಿತಕ್ಕೆ ಬಿಡುವ ಕೈ

ಜೂನ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ, ಮಣಿಪಾಲದ ಆಸ್ಪತ್ರೆ. ಕೋಣೆಯಲ್ಲಿದ್ದವರು ಮೂವರು: ನಾನು, ನನ್ನ ತಮ್ಮ, ಅವನಿಗೆ ಕೃತಕ ಕೈ ಹೊಂದಿಸುವ ಕಾರ್ಕಳದ ಹುಡುಗಿ. ನಾವು ಕಾಪುವಿನಿಂದ ಬಂದು ಅರ್ಧ ಗಂಟೆ ಬಾಗಿಲಲ್ಲಿ ಕಾದಿದ್ದೆವು. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು ತಲುಪುವುದು ನನ್ನ ಕ್ರಮ.

ತಮ್ಮನ ಎಡಗೈ ಮೊಣಕೈಯಿಂದ ಸ್ವಲ್ಪ ಕೆಳಗೆ ಮುಗಿಯುತ್ತದೆ. ಬಂದರಿನಲ್ಲಿ ಮಂಜುಗಡ್ಡೆ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕಿತ್ತು. ಇನ್ನು ಬೋಟಿಗೆ ಹೋಗುವುದಿಲ್ಲ ಎಂದು ಅವನೇ ತೀರ್ಮಾನಿಸಿದ್ದ. ಬಲೆ ದುರಸ್ತಿಯ ಕೆಲಸ ಮಾತ್ರ ಬೇಕೇ ಬೇಕು ಎನ್ನುತ್ತಿದ್ದ. ಬೋಟುಗಳು ದಡದಲ್ಲಿರುವ ಮಳೆಗಾಲದಲ್ಲೇ ಆ ಕೆಲಸ. ಬಲೆ ದುರಸ್ತಿಯ ಶೆಡ್ಡಿನ ಯಜಮಾನರು ಅವನ ಜಾಗವನ್ನು ಈ ವಾರದವರೆಗೆ ಖಾಲಿ ಇಟ್ಟಿದ್ದರು. ಸೂಜಿ ಬಲಗೈಯಲ್ಲಿ ಓಡುತ್ತದೆ. ಬಲೆಯ ಒಂದು ಕಣ್ಣನ್ನು ಹಿಡಿದು, ಬಿಟ್ಟು, ಮುಂದಿನದನ್ನು ಹಿಡಿಯಲು ಎಡಗೈ ಬೇಕು.

ಹುಡುಗಿ ವಿವರಿಸಿದಳು. ತೋಳಿನ ಸ್ನಾಯು ಬಿಗಿಯಾದಾಗ ಚರ್ಮದ ಮೇಲೆ ಸಣ್ಣ ವಿದ್ಯುತ್ ಸಂಕೇತ ಸಿಗುತ್ತದೆ. ಒಳಬದಿಯ ಸ್ನಾಯುವಿನ ಸಂಕೇತಕ್ಕೆ ಕೃತಕ ಕೈ ಮುಚ್ಚುತ್ತದೆ, ಹೊರಬದಿಯದಕ್ಕೆ ತೆರೆಯುತ್ತದೆ. ಪರದೆಯ ಮೇಲೆ ಸ್ನಾಯುವಿಗೊಂದರಂತೆ ಎರಡು ಗೆರೆಗಳು ಓಡುತ್ತಿದ್ದವು.

“ಅಂಕಲ್, ಹಿಡಿಯಿರಿ.”

ಬೆರಳುಗಳು ಮುಚ್ಚಿದವು.

“ಈಗ ಬಿಡಿ.”

ತೆರೆಯಲಿಲ್ಲ. ಎರಡೂ ಗೆರೆಗಳು ಒಟ್ಟಿಗೆ ಮೇಲೆ ಹೋದವು.

“ಬಿಡಿ ಅಂದರೆ ನೀವು ಇನ್ನೂ ಬಿಗಿ ಮಾಡುತ್ತೀರಿ ಅಲ್ವಾ? ಯಂತ್ರಕ್ಕೆ ಎಂತ ಅರ್ಥವಾಗಬೇಕು?”

“ಅದಕ್ಕೂ ಅರ್ಥವಾಗುವುದಿಲ್ಲ, ನನಗೂ ಇಲ್ಲ. ಒಳ್ಳೆ ಜೋಡಿ,” ಎಂದ ತಮ್ಮ.

ಹನ್ನೊಂದು ಗಂಟೆಯಾದರೂ ಹಾಗೆಯೇ. ಕೈ ತೆರೆಯಲು ಬಾರದೆ ಮನೆಗೆ ಕಳುಹಿಸುವಂತಿಲ್ಲ, ಮುಂದಿನ ತಿಂಗಳು ಬನ್ನಿ ಎಂದಳು. ಮುಂದಿನ ತಿಂಗಳಿಗೆ ಶೆಡ್ಡಿನ ಜಾಗ ಬೇರೆಯವರದು.

ನನಗೆ ಹೊಳೆದದ್ದು ಆಗ. ನಾನು ಬೋಟಿನ ತಂಡೇಲ, ಎಂದರೆ ಮುಖ್ಯಸ್ಥ, ಆಗಿದ್ದಾಗ ಇವನು ಬಲೆಯ ಹಗ್ಗದ ಬಳಿ ನಿಲ್ಲುತ್ತಿದ್ದ. ಇಂಜಿನಿನ ಸದ್ದಿನಲ್ಲಿ ಮಾತನ್ನು ನಂಬುವಂತಿಲ್ಲ. ನಾನು ಕ್ಯಾಬಿನ್ನಿನ ಹಲಗೆಗೆ ಎರಡು ಸಲ ಬಡಿದರೆ ಮಾತ್ರ ಹಗ್ಗ ಬಿಡಬೇಕು. ಹೊಸಬರನ್ನು ಪರೀಕ್ಷಿಸಲು ಉಳಿದವರು ಬೇಕೆಂದೇ “ಬಿಡು, ಬಿಡು” ಎಂದು ಕೂಗುವರು. ಹಾಗೆ ಕೂಗಿದಷ್ಟೂ ಇವನು ಬಿಗಿಯಾಗಿ ಹಿಡಿಯುತ್ತಿದ್ದ.

“ಒಮ್ಮೆ ಸುಮ್ಮನಿರು ಮಗಾ,” ಎಂದು ಹುಡುಗಿಗೆ ಹೇಳಿ, ಮೇಜಿನ ಮೇಲೆ ಎರಡು ಸಲ ಬಡಿದೆ.

ಬೆರಳುಗಳು ತೆರೆದುಕೊಂಡವು. ಹೊರಬದಿಯ ಗೆರೆ ಒಂದೇ ಮೇಲೆ ಹೋಗಿತ್ತು.

ಹುಡುಗಿ ಪರದೆ ನೋಡಿದಳು, ನನ್ನ ಮುಷ್ಟಿ ನೋಡಿದಳು. “ಹಾಗಾದರೆ ಕೈಯ ಜೊತೆ ನಿಮ್ಮನ್ನೂ ಕೊಟ್ಟು ಕಳುಹಿಸಬೇಕಾ?”

“ಬೇಡಮ್ಮ. ಅಣ್ಣನಿಗೆ ಚಾರ್ಜು ಇಳಿಯುವುದೇ ಇಲ್ಲ. ಬೆಳಿಗ್ಗೆ ಐದಕ್ಕೇ ಶುರು,” ಎಂದ ತಮ್ಮ.

ಅವಳು ನಕ್ಕರೂ ವಿಷಯ ಹಿಡಿದುಕೊಂಡಳು. ಹಿಮ್ಮಡಿಯಿಂದ ನೆಲಕ್ಕೆ ನೀವೇ ಎರಡು ಸಲ ಬಡಿಯಿರಿ ಎಂದು ತಮ್ಮನಿಗೆ ಹೇಳಿದಳು. ಮೊದಲೆರಡು ಸಲ ತಪ್ಪಿತು. ಆಮೇಲೆ ತಪ್ಪಲಿಲ್ಲ. ಊಟದ ಹೊತ್ತಿಗೆ ಕೈಯನ್ನು ಒಂದು ವಾರದ ಪರೀಕ್ಷೆಗೆಂದು ನಮ್ಮ ವಶಕ್ಕೆ ಕೊಟ್ಟಳು.

ಮೂರು ಗಂಟೆಗೆ ಕಾಪುವಿನ ಶೆಡ್ಡಿನಲ್ಲಿ ತಮ್ಮ ತನ್ನ ಜಾಗದಲ್ಲಿ ಕುಳಿತ. ಯಜಮಾನರು ಒಂದು ಹರಿದ ಬಲೆಯನ್ನು ಮುಂದೆ ಹಾಕಿ, ಪಕ್ಕದಲ್ಲೇ ನಿಂತರು. ಹಿಡಿದ, ಸೂಜಿ ಎಳೆದ, ಹಿಮ್ಮಡಿ ಬಡಿದ, ಬಿಟ್ಟ. ಕೆಲಸ ನಿಧಾನ, ಗಂಟು ಗಟ್ಟಿ. ಅರ್ಧ ಮುಗಿದಾಗ ಬೋಟಿನ ಹಳೆಯ ಜೊತೆಗಾರನೊಬ್ಬ ಹಿಂದಿನಿಂದ, “ಬಿಡು ಮಾರಾಯ!” ಎಂದು ಕೂಗಿದ. ಕೈ ಬಲೆಯನ್ನು ಕಚ್ಚಿ ಹಿಡಿಯಿತು. ಶೆಡ್ಡಿಗೆ ಶೆಡ್ಡೇ ನಕ್ಕಿತು.

“ಕೈ ಹೊಸತು, ಬುದ್ಧಿ ಬೋಟಿನದ್ದೇ,” ಎಂದ ತಮ್ಮ.

ಐದೂವರೆಗೆ ಹರಿದ ಭಾಗ ಮುಗಿಯಿತು. ಯಜಮಾನರು ಬಲೆಯನ್ನು ಎರಡೂ ಕಡೆಯಿಂದ ಎಳೆದು ನೋಡಿ, “ನಾಳೆ ಎಂಟಕ್ಕೆ ಬಾ,” ಎಂದರು.

“ಏಳೂವರೆಗೆ ಬರುತ್ತಾನೆ,” ಎಂದೆ ನಾನು.

ಮನೆಗೆ ಬಂದು ತಮ್ಮ ಕೈ ಕಳಚಿ ಕೊಟ್ಟ. ಒರೆಸಿ ಚಾರ್ಜಿಗೆ ಇಟ್ಟೆ.