ಹಟ್ಟಿಗೆ ಹೋದರೆ ಹಾಡದ ರೇಡಿಯೋ

ಗಂಗಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಗಂಡ ಎತ್ತಪ್ಪ ಕುರಿ ಎಣಿಸಿ ದೊಡ್ಡಿಗೆ ಕೂಡಿದರೆ ಅವಳು ಮತ್ತೊಮ್ಮೆ ಎಣಿಸಬೇಕು. ಊರಾಚೆಯ ಕುರಿಗಾಹಿಗಳ ಹಟ್ಟಿಯಲ್ಲಿದ್ದ ಇಂಥವಳ ಮನೆಗೆ ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಬಂತು ನೋಡಿ, ಶ್ರೀರಾಂಪುರದ ರಿಪೇರಿ ಅಂಗಡಿ ಶಿವಕುಮಾರಪ್ಪನ ಗ್ರಹಚಾರ ಕೆಟ್ಟಿತು.

ಒಮ್ಮೆ ಅದು ಕೆಳಗೆ ಬಿದ್ದು ಒಳಗಿನ ತಂತಿ ಕಿತ್ತುಹೋಯಿತು. ಶಿವಕುಮಾರಪ್ಪ ಬೆಸುಗೆ ಹಾಕಿದ. ಅಂಗಡಿಯಲ್ಲಿ ಭದ್ರಾವತಿ ಕೇಂದ್ರ ಚೆನ್ನಾಗಿ ಕೇಳಿಸಿತು. ಹಟ್ಟಿಗೆ ಹೋದ ಮಾರನೇ ದಿನ ಗೊರಗೊರ, ಅದರ ಮಾರನೇ ದಿನ ಅದೂ ಇಲ್ಲ. ಇನ್ನೊಮ್ಮೆ ರಿಪೇರಿಯಾಯಿತು. ಮತ್ತೆ ಅದೇ ಕಥೆ.

"ಅಂಗಡೀಲಿ ಹಾಡ್ತೈತೆ, ಹಟ್ಟೀಲಿ ಹಾಡಲ್ಲ. ಒಳ್ಳೆ ಸಾಮಾನು ಕಿತ್ಕಂಡು ಕೆಟ್ಟಿದ್ದು ಇಟ್ಟಿದೀಯ. ನಾನೇನು ಕಣ್ಣಿಲ್ದೋಳಾ?"

"ಇಲ್ಲಿ ನೋಡ್ರಿ ಅಕ್ಕಾ, ಸೆಲ್ಲು ಕೂರೋ ತಗಡೆಲ್ಲಾ ಕಿಲುಬು ಹಿಡಿದೈತೆ. ಎಲ್ಲೋ ನೀರು ಬಿದ್ದೈತೆ."

"ನೀರಂತೆ ನೀರು! ಮಳೆ ಬಂದು ಎಷ್ಟು ತಿಂಗಳಾತಪ್ಪ?"

ಅಷ್ಟಕ್ಕೇ ಬಿಟ್ಟಳೇ? ಸಂತೆಯ ತುಂಬ ಅವನು ಕಳ್ಳ ಎಂದು ಸಾರಿಬಂದಳು. ಸುತ್ತಲ ಹಟ್ಟಿಗಳವರು ಆ ಅಂಗಡಿಯ ಕಡೆ ತಲೆಹಾಕುವುದನ್ನೇ ಬಿಟ್ಟರು. ಪಾಪದವನಿಗೆ ಬಾಗಿಲು ಹಾಕಿ ದಾವಣಗೆರೆ ಮಿಲ್ಲಿಗೆ ಕೂಲಿಗೆ ಹೋಗುವುದೊಂದೇ ಉಳಿಯಿತು. ಕೊನೆಯ ಸಲ ಎಂದು ರೇಡಿಯೋ ಸರಿಮಾಡಿ, "ಎಲ್ಲಿ ಕೆಡ್ತೈತೋ ಕಣ್ಣಾರೆ ನೋಡ್ತೀನಿ, ನಡೀರಿ ಹೋಗಾಣ" ಎಂದು ಅವಳ ಹಿಂದೆಯೇ ಹೊರಟ. ಇವನು ಹಟ್ಟಿಯಲ್ಲಿ ಇನ್ನೇನು ಎಗರಿಸಲು ಬರುತ್ತಿದ್ದಾನೋ ಎಂದು ಗಂಗಕ್ಕ ದಾರಿಯುದ್ದಕ್ಕೂ ತಿರುತಿರುಗಿ ನೋಡಿದಳು.

ಮುಳ್ಳುಬೇಲಿಯ ಬಾಗಿಲಲ್ಲಿ ಇಬ್ಬರೂ ನಿಂತರು. ಊರಿನಿಂದ ಬಂದ ಯಾವ ಸಾಮಾನಿಗೂ ದೇವರ ಹೆಸರಲ್ಲಿ ಗಂಜಲ ಬೆರೆಸಿದ ನೀರನ್ನು ನಾಲ್ಕು ಹನಿ ಚಿಮುಕಿಸಿ ಒಳಗೆ ತರುವುದು ಹಟ್ಟಿಯ ಕಟ್ಟಳೆ. ಗಂಗಕ್ಕನಿಗೆ ನಾಲ್ಕು ಹನಿಯ ಮೇಲೆ ನಂಬಿಕೆಯಿಲ್ಲ. ಊರಲ್ಲಿ ಯಾರ್‍ಯಾರು ಮುಟ್ಟಿದ್ದಾರೋ, ಮೈಲಿಗೆ ಹೋಯಿತೆಂದು ಹೇಳುವವರು ಯಾರು? ಬಾಗಿಲಲ್ಲಿಟ್ಟಿದ್ದ ಗಂಜಲದ ನೀರಿನ ಚೊಂಬನ್ನೇ ಎತ್ತಿ ರೇಡಿಯೋ ಮೇಲೆ ಸುರಿದಳು.

"ಅಯ್ಯಯ್ಯೋ, ಏನ್ ಮಾಡ್ತಿದೀರಿ!" ಶಿವಕುಮಾರಪ್ಪ ಕಿತ್ತುಕೊಂಡು ತಲೆಕೆಳಗು ಮಾಡಿದ. ಹಿಂದಿನ ಮುಚ್ಚಳದ ಸಂದಿಯಿಂದ ಹಳದಿ ನೀರು ಅವನ ಅಂಗೈಗೆ ಇಳಿಯಿತು. ಅದನ್ನು ಅವಳ ಮುಂದೆ ಹಿಡಿದ. "ಗಂಜಲ ತಗಡು ತಿಂತೈತೆ ಅಕ್ಕಾ. ಸೆಲ್ಲು ತೆಗೆದು, ದಪ್ಪ ಬಟ್ಟೇಲಿ ಸುತ್ತಿ, ಮೇಲೆ ನಾಲ್ಕೇ ಹನಿ ಚಿಮುಕಿಸ್ರಿ."

ಗಂಗಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಸಂತೆಯ ದಿನ ಅವಳು ಹೊರಟಾಗ ಎತ್ತಪ್ಪ ತಡೆದ. "ದೇವ್ರ ನೀರಿಂದ ಕೆಡ್ತು ಅಂತ ಸಂತೇಲಿ ಹೇಳ್ತೀಯೇನೇ? ಹಟ್ಟಿಯೋರು ಸುಮ್ನೆ ಬಿಡ್ತಾರಾ?"

ಹೆದರಿಕೆ ಅವಳಿಗೂ ಇತ್ತು. ಆದರೂ ಹೋದಳು. ಅಂಗಡಿಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಕೇಳ್ರಪ್ಪೋ! ಈ ಶಿವಕುಮಾರಪ್ಪ ನನ್ನ ರೇಡಿಯೋದಾಗೆ ಒಂದು ಮೊಳೆನೂ ಕದ್ದಿಲ್ಲ. ದೇವ್ರ ನೀರ್ದೂ ತಪ್ಪಿಲ್ಲ. ನಾಲ್ಕು ಹನಿ ಸಾಕು ಅಂತ ದೇವ್ರು ಹೇಳಿದ್ರೆ, ಆ ದೇವ್ರನ್ನೂ ನಂಬ್ದೆ ಚೊಂಬು ಸುರಿದೋಳು ನಾನು!"

ಜನ ಗೊಳ್ಳೆಂದು ನಕ್ಕರು. ಅಂಗಡಿಯೊಳಗೆ ಶಿವಕುಮಾರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.