ಕೆಂಪು ನೀರಿನ ಒಗಟು

ಅರವತ್ತರ ದಶಕದಲ್ಲಿ ಸಾಗರದ ನಮ್ಮ ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಸಿಸ್ಟರ್ ಪ್ರತಿ ಶುಕ್ರವಾರ ಒಂದು ಒಗಟು ಕೊಡುತ್ತಿದ್ದರು. ಲ್ಯಾಬಿನ ಸೀಸೆ ಮುಟ್ಟುವಂತಿಲ್ಲ, ಅಡುಗೆಮನೆಯಲ್ಲಿ ಇರುವುದರಲ್ಲೇ ಬಿಡಿಸಬೇಕು. ನಾನು ಚೆನ್ನಾಗಿ ಬಿಡಿಸುತ್ತೇನೆಂದು ಅವರು ಹೇಳಿದ ಮೇಲೆಯೇ ಅಪ್ಪ ನನ್ನನ್ನು ಶಿವಮೊಗ್ಗದ ಹಾಸ್ಟೆಲಿನಲ್ಲಿಟ್ಟು ಪಿಯುಸಿ ಸೈನ್ಸ್ ಓದಿಸಲು ಒಪ್ಪಿದ್ದು. ಅರೆಮನಸ್ಸಿನ ಒಪ್ಪಿಗೆ ಎಂಬುದು ಆಮೇಲೆ ತಿಳಿಯಿತು.

ಆ ವಾರದ ಒಗಟು: ಆರತಿಯ ಕೆಂಪು ನೀರನ್ನು ಚೆಲ್ಲದೆ, ಬಣ್ಣ ಬೆರೆಸದೆ, ಹಳದಿ ಮಾಡಿ.

ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಮನೆಯ ಕೂಸಿಗೂ ಗೊತ್ತು. ಹಿಂದಕ್ಕೆ ತರುವುದು ಹೇಗೆ? ಭಾನುವಾರ ಹೊಸದಾಗಿ ಮದುವೆಯಾದ ಅಕ್ಕ, ಭಾವ, ಭಾವನ ತಾಯಿ ಹೊಸನಗರದಿಂದ ಬರುವವರಿದ್ದರು. ಆರತಿ ಕಲಸುವ ಕೆಲಸ ನನ್ನದು. ತಟ್ಟೆ ತುಂಬಿಸಿ, ಉಳಿದ ನೀರನ್ನು ಬೇರೆ ತಟ್ಟೆಗೆ ಸುರಿದು ಲಿಂಬೆಹಣ್ಣು ಹಿಂಡಿದೆ. ರಸ ಬಿದ್ದಲ್ಲೆಲ್ಲ ಕೆಂಪು ಸರಿದು ಹಳದಿ ಹರಡಿತು. ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಬಾಡಿಗೆ ಕಾರು ಬಂತು. ಚಿಕ್ಕಮ್ಮ ಓಡಿಬಂದು, ಅಡುಗೆಮನೆಯ ಹೊಗೆಗತ್ತಲಲ್ಲಿ ಆ ಹಳದಿ ತಟ್ಟೆಯನ್ನೇ ಎತ್ತಿಕೊಂಡರು.

"ಚಿಕ್ಕಮ್ಮಾ, ಅದಲ್ಲ!"

"ಸುಮ್ನಿರೇ, ಬಾಗ್ಲಲ್ಲೇ ನಿಂತಿದಾರೆ ಅವ್ರು."

ಹೊಸಿಲಲ್ಲಿ ಭಾವನ ತಾಯಿ ತಟ್ಟೆಯೊಳಗೆ ಇಣುಕಿದರು. "ಎಂತದ್ರೀ ಇದು? ಸಾಗರ್ದಲ್ಲಿ ಸುಣ್ಣಕ್ಕೂ ಬರವಾ?"

ಭಾವ ನಕ್ಕರು. ಅಪ್ಪ ನಗಲಿಲ್ಲ.

"ಇವ್ಳದ್ದೇ ಕೆಲ್ಸ, ಇಸ್ಕೂಲಿನ ಆಟ" ಎಂದು ಚಿಕ್ಕಮ್ಮ ನನ್ನತ್ತ ಕೈ ತೋರಿಸಿದರು. ನಾನು ಕೂಗಿ ತಡೆದದ್ದು ಅವರ ಬಾಯಿಂದ ಬರಲಿಲ್ಲ, ಆವತ್ತೂ, ಆಮೇಲೂ.

ಪಾಯಸದ ಹೊತ್ತಿಗೆ ಭಾವನ ತಾಯಿ ಎಲ್ಲ ಮರೆತು ಇನ್ನೊಂದು ಸೌಟು ಹಾಕಿಸಿಕೊಂಡರು. ಅಕ್ಕನ ಸಂಸಾರಕ್ಕೂ ಏನೂ ಆಗಲಿಲ್ಲ. ಅಪ್ಪ ಮಾತ್ರ ಮರೆಯಲಿಲ್ಲ. ಮರೆಯುವುದು ಅವರಿಗೆ ಬೇಕಿರಲಿಲ್ಲ.

ಹಾಸ್ಟೆಲಿನ ಮಾತು ಅಲ್ಲಿಗೇ ನಿಂತಿತು. ನನ್ನನ್ನು ಮುಂದೆ ಓದಿಸಿ ಎಂದು ಸಿಸ್ಟರ್ ಮನೆಗೇ ಬಂದು ಕೇಳಿದರು. ಅಪ್ಪ ಬೆಳ್ಳಿ ಲೋಟದಲ್ಲಿ ಕಾಫಿ ಕೊಡಿಸಿ, ನಯವಾಗಿಯೇ ಹೇಳಿದರು: "ಶುಭಕಾರ್ಯ ಯಾವ್ದು, ಆಟ ಯಾವ್ದು ಅಂತ್ಲೇ ಗೊತ್ತಿಲ್ಲ ಸಿಸ್ಟರ್ ಇದಕ್ಕೆ. ಇಷ್ಟು ಓದಿದ್ದು ಸಾಕು." ಸಿಸ್ಟರ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಒಗಟಿಗೆ ಉತ್ತರ ಸಿಕ್ಕಿತಾ ಎಂದು ನನ್ನನ್ನು ಕೇಳಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಕ್ಲಾಸಿಗೇ ಹೆಚ್ಚು ಮಾರ್ಕ್ಸು ನನಗೇ ಬಂತು. ಅಪ್ಪ ಹೆಮ್ಮೆಯಿಂದ ತೀರ್ಥಹಳ್ಳಿಯ ನೆಂಟರಿಗೆಲ್ಲ ಪೇಡೆ ಕಳಿಸಿದರು. ಪೇಡೆಯ ಜೊತೆ ನನ್ನ ಜಾತಕವೂ ಹೋಯಿತು.