ಮಾಳಿಗೆಯ ಮೇಲೆ ಹಾಸಿದ ಹತ್ತಿ

ಆಗ ಹುಬ್ಬಳ್ಳಿಯ ಆಕಾಶಕ್ಕೆ ವಿಮಾನವೆಂದರೆ ಅಪರೂಪದ ಬೀಗರಿದ್ದಂತೆ. ಸದ್ದು ಕೇಳಿದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಸೀದರೂ ಚಿಂತೆಯಿಲ್ಲ, ಓಣಿಗೆ ಓಡಿ ಕತ್ತೆತ್ತಬೇಕು. ನಾನು ಮಾತ್ರ ಹೊಸ್ತಿಲೊಳಗೇ ನಿಂತು ಇಣುಕುತ್ತಿದ್ದೆ. ಅದು ತಲೆಯ ಮೇಲೇ ಬಿದ್ದರೆ? ಐವತ್ತರ ಹತ್ತಿರ ಬಂದರೂ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಹೆಂಗಸು ನಾನು. ಲಕ್ಷಣ ಆಗಲೇ ಕಂಡಿತ್ತು.

ನಮ್ಮ ಈರಣ್ಣ ಕಾಕಾ ಹತ್ತಿಯ ದಲಾಲ. ಅವನ ಗೆಳೆಯ ಪಾಟೀಲ ಮಾಸ್ತರರು ಸಾಲೆಯಲ್ಲಿ ಭೂಗೋಳ ಹೇಳುವವರು. ಇಬ್ಬರಿಗೂ ವಿಮಾನದ ಹುಚ್ಚು, ಇಬ್ಬರೂ ವಿಮಾನ ಹತ್ತಿದವರಲ್ಲ. ರವಿವಾರ ಸಂಜೆ ನಮ್ಮ ಮಾಳಿಗೆಯ ಮೇಲೆ ಗಿರಮಿಟ್ಟು, ಮೆಣಸಿನಕಾಯಿ ಭಜಿ, ಚಹಾದ ಜೊತೆ ಅವರ ಹಾರಾಟ ಶುರುವಾಗುತ್ತಿತ್ತು.

"ಕುರ್ಚಿ ಬಾಜೂಕ ಒಂದು ಗುಂಡಿ ಇರತೈತ್ರಿ ಮಾಸ್ತರ. ಒತ್ತಿದ್ರ ಹಿಂದಕ್ಕ ಬಾಗತೈತಿ. ನಮ್ಮ ಅಂಗಡಿ ಗಾದಿ ಅದರ ಮುಂದ ಏನೂ ಅಲ್ಲ."

"ಅದಿರ್ಲಿ, ಊಟದ್ದು ಹೇಳ್ರಿ ಈರಣ್ಣಾವರ."

"ಮೊದಲ ಪೆಪ್ಪರಮಿಂಟು ಕೊಡತಾರ. ಆಮ್ಯಾಲೆ ಕಿವ್ಯಾಗ ಇಟಗೊಳ್ಳಾಕ ಹತ್ತಿ. ಆ ಹತ್ತಿ ನಮ್ಮ ಪ್ಯಾಟಿದ ಇರಬೇಕು, ಬೇಕಾರ ಬರದು ಕೊಡತೇನಿ."

ಆ ವರ್ಷ ಹತ್ತಿಯ ಸುಗ್ಗಿಯಲ್ಲಿ ರೇಡಿಯೋ ಒಂದು ಸುದ್ದಿ ಹೇಳಿತು. ದೂರದ ಯಾವುದೋ ದೇಶದ ವಿಮಾನ ಸಮುದ್ರದ ಮೇಲೆ ಕಾಣೆಯಾಗಿತ್ತು. ಇವರಿಗೆ ಹಬ್ಬ. ಸ್ಟೀಲಿನ ತಾಟಿಗೆ ನೀರು ಚಿಮುಕಿಸಿದರೆ ಸಮುದ್ರ, ಅದರಲ್ಲೊಂದು ಶೇಂಗಾ ಇಟ್ಟರೆ ವಿಮಾನ. ಇಂಧನ ತೀರಿರಬೇಕೆಂದು ಮಾಸ್ತರರು ಶೇಂಗಾವನ್ನು ನೀರಿಗೆ ದೂಡುವರು. ಕಾಕಾ ಅದನ್ನೆತ್ತಿ ತಾಟಿನ ಅಂಚಿಗಿಟ್ಟು, "ಇಲ್ಲರಿ, ಯಾವುದಾರ ನಡುಗಡ್ಡ್ಯಾಗ ಇಳದು ಎಳನೀರು ಕುಡಕೋತ ಕುಂತಿರತಾರ" ಎನ್ನುವನು. ಚರ್ಚೆ ಮುಗಿದ ಮೇಲೆ ಶೇಂಗಾ ತಿನ್ನುವ ಹಕ್ಕು ನನ್ನದು.

ಒಮ್ಮೆ ಭಜಿಯ ತಾಟು ತಂದಿಟ್ಟ ನಮ್ಮಜ್ಜಿ ಕೇಳಿದಳು: "ಈರಾ, ಒಳಗ ಎಷ್ಟು ಮಂದಿ ಇದ್ರೋ?"

"ಅದನ್ನ ಆಮ್ಯಾಲೆ ನೋಡೂಣು ತಡಿ ಯವ್ವಾ" ಎಂದ ಕಾಕಾ.

ಅದೇ ದಿನಗಳಲ್ಲಿ ಗಂಗಾ ಅತ್ಯಾನ ಸುದ್ದಿ ಬಂತು. ಅತ್ಯಾ ಕಾಕಾನ ಅಕ್ಕ, ಮುಂಬಯಿಯಲ್ಲಿದ್ದಳು. ಬೆಂಗಳೂರಿನಲ್ಲಿದ್ದ ಅವಳ ಅತ್ತೆಗೆ ಆರಾಮ ತಪ್ಪಿತ್ತು, ಗಂಡ ವಿಮಾನದ ಟಿಕೀಟು ತೆಗೆಸಿದ್ದ. ಮಾಸ್ತರರು ಸಾಲೆಯ ನಕಾಶೆ ತಂದು ಮುಂಬಯಿಯಿಂದ ಬೆಂಗಳೂರಿಗೆ ನೂಲು ಎಳೆದು ಹಿಡಿದರು. ನೂಲು ಹುಬ್ಬಳ್ಳಿಯನ್ನು ತಾಕಿಯೇ ಹೋಗಿತ್ತು. ಅಂದರೆ ನಮ್ಮ ಮಾಳಿಗೆಯ ಮೇಲೆಯೇ ಎಂದು ಇಬ್ಬರೂ ತೀರ್ಮಾನಿಸಿದರು.

"ಅಕ್ಕಗ ನಮ್ಮ ಮನಿ ಗುರ್ತ ಸಿಗಬೇಕಲ್ಲ" ಎಂದು ಕಾಕಾ ಪೇಟೆಯಿಂದ ಹತ್ತಿ ತುಂಬಿದ ದೊಡ್ಡ ಚೀಲವನ್ನೇ ಹೊರಿಸಿಕೊಂಡು ಬಂದ. ಅತ್ಯಾ ಹಾರುವ ದಿನ ಬೆಳಿಗ್ಗೆಯೇ ಮಾಳಿಗೆಯ ತುಂಬ ಹತ್ತಿ ಹಾಸಿದೆವು. ಎಳೆಬಿಸಿಲಿಗೆ ಹತ್ತಿಕಾಳಿನ ಎಣ್ಣೆಯ ವಾಸನೆ, ಕಾಲಿಗೆ ಮೋಡ ತುಳಿದ ಹಾಗೆ. ಓಣಿಯ ಮಂದಿಯೂ ಮೇಲೆ ಬಂದು ಕೂತರು.

ವಿಮಾನ ಬರಲಿಲ್ಲ.

ಬಿಸಿಲು ಏರಿತು, ಇಳಿಯಿತು. ಚಹಾ ಎರಡೆರಡು ಸಲ ಆಯಿತು. ಓಣಿಯ ಮಂದಿ ಒಬ್ಬೊಬ್ಬರಾಗಿ ಇಳಿದು ಹೋದರು. ಮಾಸ್ತರರು ಸಮಾಧಾನ ಹೇಳಲು ಹೊರಟು, "ಒಮ್ಮೊಮ್ಮೆ ಇಂಧನ…" ಎಂದವರು ಅಲ್ಲಿಗೇ ಬಾಯಿ ಮುಚ್ಚಿದರು. ನನ್ನ ಬಾಯಲ್ಲಿದ್ದ ಶೇಂಗಾ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ರೇಡಿಯೋದಲ್ಲಿ ವಿಮಾನದ ಮಾತೇ ಇರಲಿಲ್ಲ. ಮೊದಲ ದಿನ ಸುದ್ದಿ ಹೊರಗೆ ಬಿಡುವುದಿಲ್ಲವೆಂದು ಇದೇ ಮಾಳಿಗೆಯ ಮೇಲೆ ಇವರೇ ಹೇಳಿದ್ದರಲ್ಲ.

ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಸಿಟ್ಟಿನಿಂದಲ್ಲ, ದಾರಿ ಕೇಳುವವಳ ಹಾಗೆ ಕೇಳಿದಳು: "ನಿಮಗೆಲ್ಲಾ ತಿಳಿತೈತಲ್ಲಪಾ. ಹೇಳ್ರಿ, ನನ್ನ ಮಗಳು ಎಲ್ಲಿ ಅದಾಳ?"

ಕಾಕಾನ ಮುಖ ಹತ್ತಿಗಿಂತ ಬಿಳುಪಾಯಿತು. ಅಷ್ಟರಲ್ಲಿ ಗಾಳಿ ಎದ್ದಿತು. ಹತ್ತಿ ಎದ್ದು ಓಣಿಯ ತುಂಬ ಹರಡಿ ಗಟಾರಕ್ಕೆ, ತಂತಿಗೆ, ಮಂದಿಯ ಹಪ್ಪಳಕ್ಕೆ ಅಂಟಿಕೊಂಡಿತು. ಯಾರೂ ಬೈಯಲಿಲ್ಲ. ಇಬ್ಬರು ದೊಡ್ಡ ಗಂಡಸರು ಬಗ್ಗಿ ಕತ್ತಲಾಗುವ ತನಕ ಓಣಿಯಲ್ಲಿ ಹತ್ತಿ ಆರಿಸಿದರು.

ಮರುದಿನ ಬೆಳಿಗ್ಗೆ ಎದುರಿನ ಕಾಳಿನ ಅಂಗಡಿಗೆ ಫೋನು ಬಂತು. ವಿಮಾನ ಹೊರಡುವುದೇ ತಡವಾಗಿ, ಅತ್ಯಾ ರಾತ್ರಿ ಬೆಂಗಳೂರು ಮುಟ್ಟಿದ್ದಳು. ರಿಸೀವರಿನಾಚೆ ಅವಳ ತಕರಾರು ನಮಗೂ ಕೇಳಿಸುತ್ತಿತ್ತು: "ಊಟದಾಗ ಏನೂ ರುಚಿ ಇರಲಿಲ್ಲೋ ಈರಾ, ರೊಟ್ಟಿ ಹಿಂಡಿ ಕಟಗೊಂಡು ಬರಬೇಕಾಗಿತ್ತು." ಕಾಕಾ "ಹೂಂ ಅಕ್ಕಾ, ಹೂಂ" ಎನ್ನುತ್ತ ಜೋಳದ ಚೀಲದ ಮೇಲೆ ಕುಸಿದು ಕೂತ.

ಮುಂದೆ ಊರಿಗೆ ಬಂದಾಗ ಅತ್ಯಾ ವಿಮಾನದಲ್ಲಿ ಕೊಟ್ಟ ಹತ್ತಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕಾಕಾನ ಕೈಗಿತ್ತಳು. ಪೇಟೆಯಲ್ಲಿ ಮಾಲು ನೋಡುವಂತೆ ಅವನು ಎರಡೂ ಹೆಬ್ಬೆರಳಿನ ನಡುವೆ ಎಳೆ ಎಳೆದು ನೋಡಿದ. ಎಳೆ ಗಿಡ್ಡವೋ ಉದ್ದವೋ ಹೇಳಲಿಲ್ಲ.

"ಅಕ್ಕಾ, ಒಳಗ ಎಷ್ಟು ಮಂದಿ ಇದ್ರು?" ಎಂದ.

"ತುಂಬಿತ್ತಪಾ. ನನ್ನ ಬಾಜೂಕ ಒಬ್ಬಾಕಿ ಕೂಸಿನ ಕರಕೊಂಡು ಕುಂತಿದ್ಲು. ಅದು ದಾರಿ ತುಂಬ ನನ್ನ ಕೈಯಾನ ಬಳಿ ಎಣಿಸ್ತಿತ್ತು."

ಮಾಳಿಗೆಯ ಮೇಲೆ ಕುರ್ಚಿಯ, ಊಟದ ಮಾತು ಮತ್ತೆ ನಡೆಯಿತು. ಶೇಂಗಾದ ತಾಟು ಮಾತ್ರ ಹೊರಗೆ ಬರಲಿಲ್ಲ.

ಈಗ ನಮ್ಮೂರಿಗೇ ವಿಮಾನ ಬಂದು ಇಳಿಯುತ್ತದೆ. ಕಿವಿಗೆ ಹತ್ತಿ ಕೊಡುವುದಿಲ್ಲ, ಸದ್ದಿಗೆ ಯಾರೂ ಕತ್ತೆತ್ತುವುದಿಲ್ಲ. ನಮ್ಮವರು ವಿಮಾನ ಹತ್ತಿದರೆ ನಾನು ಫೋನಿನಲ್ಲಿ ಅದರ ಚುಕ್ಕೆ ಸರಿಯುವುದನ್ನು ನೋಡುತ್ತ ಅನ್ನ ತಳ ಹಿಡಿಸುತ್ತೇನೆ. ಕಾಕಾನ ನೆನಪಿಗೆಂದು ವಿಮಾನಪ್ರಿಯರ ಒಂದು ವಾಟ್ಸಾಪ್ ಗುಂಪಿಗೂ ಸೇರಿದ್ದೇನೆ. ಮೊನ್ನೆ ಎಲ್ಲೋ ಒಂದು ವಿಮಾನ ಕಾಣೆಯಾದ ಸುದ್ದಿ ಬಂತು. ಚಹಾ ಆರುವುದರೊಳಗೆ ಗುಂಪಿನಲ್ಲಿ ನಕಾಶೆಗಳು, ಬಾಣದ ಗುರುತುಗಳು, ಹತ್ತಾರು ವಾದ. ನಡುವೆ ಒಬ್ಬರು ಆ ವಿಮಾನದ ಸೀಟು ಎಷ್ಟು ಅಗಲ, ಕಾಲು ಚಾಚಲು ಎಷ್ಟು ಜಾಗ ಎಂದು ವಿವರಿಸಿದರು.

"ಒಳಗೆ ಎಷ್ಟು ಜನರಿದ್ದರು?" ಎಂದು ಬರೆದೆ.

"ಅದನ್ನು ಆಮೇಲೆ ನೋಡೋಣ ಮೇಡಂ" ಎಂದು ಉತ್ತರ ಬಂತು. ಕೆಳಗೆ ಇನ್ನೊಂದು ನಕಾಶೆ.

ಫೋನು ಬೋರಲಿಟ್ಟೆ. ಓಣಿಯಲ್ಲಿ ಬಗ್ಗಿ ಹತ್ತಿ ಆರಿಸುತ್ತಿದ್ದ ಆ ಇಬ್ಬರ ಬೆನ್ನು ಕಣ್ಣ ಮುಂದೆ ಬಂತು.